ನಲವತ್ತೊಂದು ಸೆಕೆಂಡಿನ ನಗು

ಟೆನ್ಬಿ, ವೇಲ್ಸ್
9 ಸೆಪ್ಟೆಂಬರ್ 1993

ಮಾನ್ಯ ಕ್ಲಿಫರ್ಡ್ ಹಿಂಡಲ್ ಅವರಿಗೆ,

ನಿಮಗೆ ನನ್ನ ಪರಿಚಯವಿಲ್ಲ. ಕಡಲ ದಂಡೆಯ ಈ ಊರಿನಲ್ಲಿರುವ ಎಪ್ಪತ್ತೊಂದು ವರ್ಷದ ಮುದುಕಿ ನಾನು. ಮೊನ್ನೆ ಹಲ್ಲಿನ ಡಾಕ್ಟರ ಹತ್ತಿರ ಸರದಿಗೆ ಕಾಯುತ್ತಿದ್ದಾಗ ಹಳೆಯ ವಾರಪತ್ರಿಕೆಯೊಂದರಲ್ಲಿ ನಿಮ್ಮ ಫೋಟೊ ನೋಡಿದೆ. ಟೇಪಿನ ಸುರುಳಿಯೊಂದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಹೆರಿಗೆ ವಾರ್ಡಿನ ಹೊರಗೆ ನಿಂತ ಅಪ್ಪನ ಹಾಗೆ ನಗುತ್ತಿದ್ದಿರಿ. ಆ ಹಾಳೆಯನ್ನು ಹರಿದುಕೊಂಡು ಬಂದಿದ್ದೇನೆ. ಡಾಕ್ಟರಿಗೆ ಹೇಳಬೇಡಿ.

ರೇಡಿಯೊದಲ್ಲಿ ಬರುತ್ತಿದ್ದ ‘ಟಪ್ಪರ್ ವಠಾರ’ ಹಾಸ್ಯಮಾಲೆಯ ಕಳೆದುಹೋದ ಕಂತುಗಳನ್ನು ನಿಮ್ಮ ಸಂಘದವರು ಹುಡುಕಿ ಉಳಿಸುತ್ತಿದ್ದೀರಂತೆ. ಅದರಲ್ಲಿ 1957ರ ನವೆಂಬರ್ 14ರ ಗುರುವಾರದ ಕಂತು ನಿಮಗೆ ಸಿಕ್ಕಿದೆಯಂತೆ. ನನಗೆ ಬೇಕಾಗಿರುವುದು ಅದೊಂದೇ. ಕ್ಯಾಸೆಟ್ಟಿಗೆ ಇಳಿಸಿ ಕಳಿಸಲು ಸಾಧ್ಯವೇ?

ಇಂತಿ,
ಗ್ವೆನ್ ಪ್ರಾಥೆರೋ


ಬರ್ನ್ಲಿ, ಲ್ಯಾಂಕಷೈರ್
15 ಸೆಪ್ಟೆಂಬರ್ 1993

ಪ್ರಾಥೆರೋ ಅಮ್ಮನವರಿಗೆ,

ನಿಮ್ಮ ಕಾಗದ ನೋಡಿ ಎಷ್ಟು ಖುಷಿಯಾಯಿತು ಎಂದರೆ, ಟೋಸ್ಟ್ ಸೀದುಹೋದದ್ದೂ ಗೊತ್ತಾಗಲಿಲ್ಲ. ಇಷ್ಟು ಸರಿಯಾಗಿ ದಿನ, ವಾರ ಹೇಳಿ ಕೇಳುವವರು ನಮ್ಮ ಸಂಘದಲ್ಲೂ ಇಬ್ಬರೋ ಮೂವರೋ. ನೀವು ನಿಜವಾದ ಅಭಿಮಾನಿ!

ಕ್ಯಾಸೆಟ್ಟನ್ನು ಇದರೊಂದಿಗೇ ಕಳಿಸಿದ್ದೇನೆ. ಆ ಕಾಲದಲ್ಲಿ ಪ್ರಸಾರದವರು ಎಷ್ಟೋ ಕಂತುಗಳನ್ನು ಇಡಲೇ ಇಲ್ಲ, ಇಟ್ಟದ್ದನ್ನೂ ಆಮೇಲೆ ಅಳಿಸಿದರು. ಉಳಿದಿರುವುದೆಲ್ಲ ಮನೆಯಲ್ಲಿ ರೇಡಿಯೊ ಮುಂದೆ ಮೈಕು ಇಟ್ಟು ಮುದ್ರಿಸಿಕೊಂಡವರ ಪುಣ್ಯ. ಈ ಕಂತಿಗಂತೂ ಜಗತ್ತಿನಲ್ಲಿ ಇರುವುದು ಒಂದೇ ಟೇಪು, ಉತ್ತರ ಇಂಗ್ಲೆಂಡಿನ ಒಬ್ಬ ಕೇಳುಗ ಮುದ್ರಿಸಿದ್ದು. ನನ್ನ ಕೈಗೆ ಬಂದಾಗ ವಿನೆಗರ್ ವಾಸನೆ ಬಡಿಯುತ್ತಿತ್ತು, ಮುಟ್ಟಿದರೆ ಮುರಿಯುತ್ತಿತ್ತು. ಒದ್ದೆ ಬಟ್ಟೆಯ ಜೊತೆ ಬಿಸ್ಕತ್ತಿನ ಡಬ್ಬಿಯಲ್ಲಿ ಹದಿನೈದು ದಿನ ಮುಚ್ಚಿಟ್ಟು ಮೆತ್ತಗೆ ಮಾಡಿದೆ. ಮೂವತ್ತು ವರ್ಷ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡಿದವನು ನಾನು. ಎಳೆ ಕಡಿಯದ ಹಾಗೆ ಹಿಡಿಯುವುದು ಈ ಬೆರಳುಗಳಿಗೆ ಗೊತ್ತು. ಆಮೇಲೆ ಹಿನ್ನೆಲೆಯಲ್ಲಿದ್ದ ಕೆಮ್ಮು, ಬಾಗಿಲ ಸದ್ದು, ಬೀದಿನಾಯಿ ಎಲ್ಲವನ್ನೂ ಒಂದೊಂದಾಗಿ ತೆಗೆದೆ. ಕೇಳಿ, ಒಂದು ಗಾಯದ ಗುರುತೂ ಸಿಗುವುದಿಲ್ಲ.

ನಿಮ್ಮ ವಿಶ್ವಾಸಿ,
ಕ್ಲಿಫರ್ಡ್ ಹಿಂಡಲ್


ಟೆನ್ಬಿ
22 ಸೆಪ್ಟೆಂಬರ್ 1993

ಹಿಂಡಲ್ ಅವರೇ,

ಕ್ಯಾಸೆಟ್ ಬಂತು. ಮೂರು ಸಲ ಕೇಳಿದೆ. ಬರ್ಟಿ ಡಂಕ್ಲಿ ಮನೆ ಮಾಲೀಕನಾಗಿ ಬಾಡಿಗೆದಾರರ ಬಾಗಿಲು ಬಡಿಯುವುದನ್ನು ಕೇಳಿದರೆ ಅವನು ಪಕ್ಕದ ಕೋಣೆಯಲ್ಲೇ ಇದ್ದಾನೆ ಅನ್ನಿಸುತ್ತದೆ. ನಿಮ್ಮ ಕೈಗುಣಕ್ಕೆ ಏನು ಹೇಳಲಿ! ಸತ್ತ ಸದ್ದಿಗೆ ಜೀವ ಕೊಡುವ ಕೆಲಸ ಇದು.

ಒಂದು ಸಂದೇಹ. ಮೊದಲರ್ಧಕ್ಕೂ ಎರಡನೆಯ ಅರ್ಧಕ್ಕೂ ನಡುವೆ ಏನೋ ಇರಬೇಕಿತ್ತಲ್ಲವೇ? ಎರಡನೆಯ ಅರ್ಧ ಶುರುವಾಗುತ್ತಲೇ ಬರ್ಟಿ, ‘ಹಾಡು ಮುಗಿದ್ಮೇಲೆ ದೀಪ ಆರಿಸಿ ಬಾಪ್ಪ’ ಅನ್ನುತ್ತಾನೆ. ಜನ ನಗುತ್ತಾರೆ, ನಗುತ್ತಾರೆ, ನಿಲ್ಲಿಸುವುದೇ ಇಲ್ಲ. ಯಾಕೆ ಅಷ್ಟು ನಗುತ್ತಾರೆ?

ಗ್ವೆನ್ ಪ್ರಾಥೆರೋ


ಬರ್ನ್ಲಿ
27 ಸೆಪ್ಟೆಂಬರ್ 1993

ಪ್ರಾಥೆರೋ ಅಮ್ಮನವರಿಗೆ,

ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ! ಅದು ನಮ್ಮ ಸಂಘದಲ್ಲಿ ಹೆಸರಾದ ನಗು. ಸ್ಟಾಪ್‌ವಾಚ್ ಹಿಡಿದು ಅಳೆದಿದ್ದೇವೆ: ನಲವತ್ತೊಂದು ಸೆಕೆಂಡು. ಇಡೀ ಮಾಲೆಯಲ್ಲೇ ಅತಿ ದೀರ್ಘವಾದದ್ದು. ಅಂಥ ಸಪ್ಪೆ ಮಾತಿಗೆ ಜನ ಯಾಕೆ ನಕ್ಕರು ಎಂದು ನಮ್ಮ ವಾರ್ಷಿಕ ಸಭೆಗಳಲ್ಲಿ ಕುರ್ಚಿ ಮುರಿಯುವಷ್ಟು ಜಗಳವಾಗಿದೆ. ಬರ್ಟಿಯ ಪ್ಯಾಂಟು ಜಾರಿತ್ತು ಅನ್ನುವುದು ಈಗ ಎಲ್ಲರೂ ಒಪ್ಪಿರುವ ವಾದ. ಮಂಡಿಸಿದವನು ನಾನೇ.

ನಡುವೆ ಇದ್ದದ್ದು ಬರೀ ಹಾಡು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ರೋಲಂಡ್ ವೇಲ್ ಅಂತ ಯಾರೋ ಒಬ್ಬ, ಪ್ರತಿ ವಾರ ಬಂದು ಹೆಣ ಎತ್ತುವಾಗಿನ ಹಾಗೆ ನಾಲ್ಕು ನಿಮಿಷ ಎಳೆದು ಹಾಡಿ ಹೋಗುತ್ತಿದ್ದ. ಆ ನಾಲ್ಕು ನಿಮಿಷ ಇಡೀ ದೇಶವೇ ಎದ್ದು ಚಹಾಕ್ಕೆ ನೀರಿಡುತ್ತಿತ್ತು. ಟೇಪು ತುಟ್ಟಿಯಾಗಿದ್ದ ಕಾಲ ಅದು. ಮನೆಯಲ್ಲಿ ಮುದ್ರಿಸುವವರೆಲ್ಲ ಹಾಡನ್ನು ಕತ್ತರಿಸಿ ಬಿಸಾಡುತ್ತಿದ್ದರು. ನಮ್ಮ ಪಟ್ಟಿಯ ಕಾರ್ಡಿನಲ್ಲಿ ಈ ಕಂತಿನ ಮುಂದೆ ‘ಪೂರ್ಣ’ ಎಂದೇ ಬರೆದಿದ್ದೇನೆ.

ಬೇರೆ ಕಂತುಗಳು ಬೇಕಿದ್ದರೆ ಸಂಕೋಚವಿಲ್ಲದೆ ತಿಳಿಸಿ.

ಕ್ಲಿಫರ್ಡ್ ಹಿಂಡಲ್


ಬರ್ನ್ಲಿ
20 ಡಿಸೆಂಬರ್ 1993

ಪ್ರಾಥೆರೋ ಅಮ್ಮನವರಿಗೆ,

ಕ್ರಿಸ್‌ಮಸ್ ಶುಭಾಶಯಗಳು. ನಿಮ್ಮಿಂದ ಕಾಗದವಿಲ್ಲ. ಆರೋಗ್ಯವಾಗಿದ್ದೀರಿ ತಾನೇ? ಇನ್ನೆರಡು ಕಂತು ಸಿದ್ಧವಾಗಿದೆ. ಹಾಡಿನ ಕಾಟವಿಲ್ಲದೆ!

ಕ್ಲಿಫರ್ಡ್


ಟೆನ್ಬಿ
30 ಜನವರಿ 1994

ಹಿಂಡಲ್ ಅವರೇ,

ನಿಮ್ಮ ಸೆಪ್ಟೆಂಬರಿನ ಕಾಗದವನ್ನು ಓದಿ ಒಲೆಗೆ ಹಾಕಿದ್ದೆ. ಡಿಸೆಂಬರಿನದನ್ನೂ ಹಾಕುವವಳಿದ್ದೆ. ಆದರೆ ಅಷ್ಟು ಕಷ್ಟಪಟ್ಟು ಟೇಪು ಉಳಿಸಿದವರು ಕೆಟ್ಟವರಿರಲಾರರು, ಮಾತಿಗೆ ಮಾತ್ರ ಲಗಾಮಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ.

ರೋಲಂಡ್ ವೇಲ್ ಎಂಬುದು ಏಜೆಂಟ್ ಇಟ್ಟ ಹೆಸರು. ಅವರ ನಿಜವಾದ ಹೆಸರು ಇಡ್ವಲ್ ಪ್ರಾಥೆರೋ. ನನ್ನ ಗಂಡ.

ಮೊದಲೇ ಹೇಳಬೇಕಿತ್ತು. ಹೇಳಿದರೆ ನೀವು ಮುಖಸ್ತುತಿಗೆ ಏನಾದರೂ ಬರೆಯುತ್ತೀರಿ, ನಿಜ ಹೇಳುವುದಿಲ್ಲ ಎಂದು ಸುಮ್ಮನಿದ್ದೆ. ನಿಜವನ್ನಂತೂ ಹೇಳಿದಿರಿ.

ಆ ವರ್ಷದ ನವೆಂಬರಿನಲ್ಲಿ, ಆಗ ನಾವಿದ್ದ ಲಂಡನ್ನಿಗೆಲ್ಲ ಫ್ಲೂ ಬಂದಿತ್ತು. ನಾನೂ ಮಲಗಿದ್ದೆ, ಆ ಗುರುವಾರ ರೇಡಿಯೊ ಕೇಳಲಿಲ್ಲ. ಇಡ್ವಲ್ ಸಂಜೆ ಮನೆಗೆ ಬಂದವರು ಹ್ಯಾಟನ್ನೂ ತೆಗೆಯದೆ ಮಂಚದ ತುದಿಯಲ್ಲಿ ಕೂತರು. ‘ಗ್ವೆನ್, ಇವತ್ತು ನಾನು ಬರ್ಟಿಗಿಂತ ಜಾಸ್ತಿ ನಗಿಸಿದೆ ಕಣೇ’ ಅಂದರು. ನಾನು, ‘ನೀನಾ? ಜ್ವರ ನಂಗೆ, ಕನವರಿಸ್ತಿರೋನು ನೀನು! ನಿನ್ನ ಮುಖ ನೋಡಿ ನಗೋರು ಯಾರೋ ಮಾರಾಯ?’ ಅಂದೆ. ಅವರು, ‘ಹೋಗ್ಲಿ ಬಿಡು, ಸೂಪ್ ಬಿಸಿ ಮಾಡ್ತೀನಿ’ ಅಂದು ಎದ್ದು ಹೋದರು.

ಏನು ಮಾಡಿದೆ ಎಂದು ನಾನು ಕೇಳಲಿಲ್ಲ. ಅವರು ಮತ್ತೆ ಆ ಮಾತು ಎತ್ತಲಿಲ್ಲ. ಮುಂದಿನ ವರ್ಷ ಬರ್ಟಿ ಬೇರೆ ಗಾಯಕಿಯನ್ನು ಕರೆಸಿಕೊಂಡ. ನಾವು ಇಲ್ಲಿಗೆ ಬಂದೆವು. ಇಡ್ವಲ್ ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡಿದರು, ಭಾನುವಾರ ಚಾಪೆಲ್‌ನಲ್ಲಿ ಹಾಡಿಸಿದರು, 1971ರಲ್ಲಿ ತೀರಿಕೊಂಡರು. ಒಂದು ಗ್ರಾಮಫೋನ್ ತಟ್ಟೆಯೂ ಬರಲಿಲ್ಲ. ಅವರ ದನಿ ಈಗ ಎಲ್ಲೂ ಇಲ್ಲ.

ಆ ದಿನ ಅವರು ಹೇಳಿದ್ದು ನಿಜವೇ ಎಂದು ನನಗೆ ತಿಳಿಯಬೇಕು. ನಿಜವಾಗಿದ್ದರೆ ನಾನು ಅವರ ಕ್ಷಮೆ ಕೇಳಬೇಕು. ಅಷ್ಟೇ. ಆ ಉತ್ತರದ ಕೇಳುಗನನ್ನು ವಿಚಾರಿಸಿ ನೋಡುತ್ತೀರಾ? ಕತ್ತರಿಸಿದ ತುಂಡನ್ನು ಎಲ್ಲಾದರೂ ಇಟ್ಟಿರಬಹುದು.

ಗ್ವೆನ್ ಪ್ರಾಥೆರೋ


ಬರ್ನ್ಲಿ
4 ಫೆಬ್ರವರಿ 1994

ಅಮ್ಮಾ,

ಯಾವ ಮುಖ ಇಟ್ಟುಕೊಂಡು ಬರೆಯಲಿ? ಹಲ್ಲು ನಾಲಿಗೆ ಕಚ್ಚಬೇಕಾದ ಹೊತ್ತಿನಲ್ಲಿ ಕಚ್ಚುವುದಿಲ್ಲ. ಕ್ಷಮಿಸಿ.

ಕಾಗದ ಸಿಕ್ಕ ದಿನವೇ ನಮ್ಮ ಸಂಘದ ಮೂವತ್ತನಾಲ್ಕು ಜನಕ್ಕೂ ಫೋನು ಮಾಡಿದೆ. ರೋಲಂಡ್ ವೇಲ್ ಅವರ ಒಂದು ಹಾಡಾದರೂ ಇದೆಯೇ ಎಂದು ಕೇಳಿದೆ. ‘ಹಾಡಾ? ಯಾರಿಗೆ ಬೇಕು?’ ಎಂದರು ಹೆಚ್ಚಿನವರು. ಪ್ರೆಸ್ಟನ್ನಿನ ಒಬ್ಬರು ತಮ್ಮ ಇನ್ನೂರು ಟೇಪನ್ನೂ ತಿರುವಿ ಹಾಕಿದರು, ಒಂದರಲ್ಲೂ ಇಲ್ಲ. ಎಲ್ಲರೂ ಒಂದೇ ಗುರುವಿನ ಹತ್ತಿರ ಕಲಿತವರ ಹಾಗೆ ಅದೇ ಜಾಗದಲ್ಲಿ ಕತ್ತರಿಸಿದ್ದಾರೆ.

ನವೆಂಬರ್ 14ರ ಟೇಪಿನ ಆಸಾಮಿ ಈಗ ಎಲ್ಲಿದ್ದಾನೋ ಗೊತ್ತಿಲ್ಲ. ಸಿಕ್ಕರೂ ಪ್ರಯೋಜನವಾಗದು. ಅಂಥವರು ತುಂಡುಗಳನ್ನು ಇಟ್ಟುಕೊಳ್ಳುವುದಿಲ್ಲ.

ಕ್ಲಿಫರ್ಡ್ ಹಿಂಡಲ್


ಟೆನ್ಬಿ
11 ಫೆಬ್ರವರಿ 1994

ಹಿಂಡಲ್ ಅವರೇ,

ಮೂವತ್ತನಾಲ್ಕು ಫೋನು ಮಾಡಿದ ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಗೊತ್ತಿಲ್ಲದೆ ಆಡಿದ ಮಾತು. ಊರೂರು ಅಲೆದು, ಹಳೆ ಟೇಪುಗಳಿಗೆ ದಾದಿಯ ಹಾಗೆ ಸೇವೆ ಮಾಡುವ ನಿಮ್ಮಂಥವರು ಇರುವುದರಿಂದಲೇ ಬರ್ಟಿಯ ನಗುವಾದರೂ ಉಳಿದಿದೆ.

ನನ್ನ ಸಿಟ್ಟೆಲ್ಲ ಆ ಉತ್ತರದ ಕೇಳುಗನ ಮೇಲೆ. ಅವನು ಎಲ್ಲೇ ಇರಲಿ, ಅವನ ಕೆಟಲಿನ ನೀರು ಈ ಜನ್ಮದಲ್ಲಿ ಕುದಿಯದಿರಲಿ!

ಗ್ವೆನ್ ಪ್ರಾಥೆರೋ


ಬರ್ನ್ಲಿ
16 ಫೆಬ್ರವರಿ 1994

ಅಮ್ಮಾ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿಮ್ಮ ಕಾಗದ ಓದಿದ ಮೇಲೆ ಮೂರು ದಿನದಿಂದ ನಾನು ಕೆಟಲಿನ ಹತ್ತಿರ ಹೋಗುವಾಗಲೆಲ್ಲ ಬೆದರುತ್ತಿದ್ದೇನೆ.

ಆ ಕೇಳುಗ ನಾನೇ.

ಆಗ ನನಗೆ ಇಪ್ಪತ್ತು ವರ್ಷ. ರೇಡಿಯೊ ಮುಂದೆ ಮೈಕಿಟ್ಟು, ಹಾಡು ಶುರುವಾಗುತ್ತಲೇ ಅಡುಗೆಮನೆಗೆ ಹೋಗಿ ನೀರಿಡುತ್ತಿದ್ದೆ. ಮಾರನೆಯ ದಿನ ರೇಜರ್ ಬ್ಲೇಡು ತೆಗೆದುಕೊಂಡು ಹಾಡನ್ನು ಕತ್ತರಿಸಿ, ಜೋಕಿಗೆ ಜೋಕು ಅಂಟಿಸುತ್ತಿದ್ದೆ. ಹಾಡನ್ನು ಒಂದು ಸಲವೂ ಕೇಳಿದವನಲ್ಲ. ಪತ್ರಿಕೆಯಲ್ಲಿ ಫೋಟೊ ಬಂದಾಗ, ನನ್ನ ಟೇಪು ನಾನೇ ಹುಡುಕಿದೆ ಅಂದರೆ ಜನ ನಗುತ್ತಾರೆ ಎಂದು ‘ಉತ್ತರದ ಒಬ್ಬ ಕೇಳುಗ’ ಎಂದು ಹೇಳಿಸಿದೆ. ನಿಮಗೂ ಅದೇ ಸುಳ್ಳು ಬರೆದೆ.

ಇನ್ನೊಂದು ವಿಷಯವಿದೆ. ಹೇಳಿದರೆ ಸುಮ್ಮನೆ ಆಸೆ ಹುಟ್ಟಿಸಿದಂತಾಗುತ್ತದೋ ಏನೋ.

ನಮ್ಮಮ್ಮ ಆಲಿಸ್ ನೇಕಾರಳು. ಹದಿಮೂರನೇ ವಯಸ್ಸಿನಿಂದ ಮಗ್ಗಗಳ ಗದ್ದಲದಲ್ಲಿ ನಿಂತು, ನಮ್ಮ ಊರಿನ ಎಲ್ಲ ನೇಕಾರ ಹೆಂಗಸರ ಹಾಗೆ ಮುಕ್ಕಾಲು ಕಿವಿ ಕಳೆದುಕೊಂಡಿದ್ದಳು. ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ರೇಡಿಯೊಗೆ ತುಟಿ ಎಲ್ಲಿದೆ? ನಾನು ಬಿದ್ದು ಬಿದ್ದು ನಗುವಾಗ ಅವಳು ನನ್ನ ಮುಖವನ್ನೇ ನೋಡುತ್ತ ಕೂತಿರುತ್ತಿದ್ದಳು. ಒಂದು ದಿನ ನಾನು ತುಂಡುಗಳನ್ನು ಒಲೆಗೆ ಹಾಕಲು ಹೋದಾಗ ಕೈ ಹಿಡಿದಳು. ‘ಬಿಸಾಡ್ಬೇಡ ಕಣೋ. ನಂಗೆ ಅವರ ಮಾತು ಕೇಳಲ್ಲ, ಇವನ ಹಾಡು ಕೇಳುತ್ತೆ. ಎಲ್ಲಾ ಸೇರ್ಸಿ ಅಂಟ್ಸಿ ಕೊಡು’ ಅಂದಳು. ಗೊಣಗುತ್ತಲೇ ಒಂದು ಭಾನುವಾರ ಅಂಟಿಸಿ ಕೊಟ್ಟೆ. ಯಾವುದು ತಲೆ, ಯಾವುದು ಬಾಲ ಎಂದೂ ನೋಡಲಿಲ್ಲ. ಆಮೇಲೆ ಮರೆತೇಬಿಟ್ಟೆ.

ನಿನ್ನೆ ತಂಗಿ ಎಡ್ನಾಗೆ ಫೋನು ಮಾಡಿದೆ. ಅಮ್ಮನ ಸಾಮಾನೆಲ್ಲ ಅವಳ ಹತ್ತಿರ ಇದೆ. ಅವಳು, ‘ಆ ಕಂದು ರಿಬ್ಬನ್ನಾ? ಪ್ರತಿ ವರ್ಷ ಸ್ಟ್ರಾಬೆರಿ ಮಡಿ ಮೇಲೆ ಕಟ್ತೀನಲ್ಲ, ಗಾಳಿಗೆ ಗುಂಯ್ ಅಂದ್ರೆ ಒಂದು ಹಕ್ಕೀನೂ ಹತ್ರ ಬರಲ್ಲ’ ಅಂದಳು. ಎಷ್ಟು ಉಳಿದಿದೆ ಎಂದು ಕೇಳುವ ಧೈರ್ಯ ನನಗೆ ಆಗಲಿಲ್ಲ.

ಕ್ಲಿಫರ್ಡ್


ಅಂಚೆ ಕಾರ್ಡು
ಟೆನ್ಬಿ, 19 ಫೆಬ್ರವರಿ 1994

ಹಿಂಡಲ್,

ಸ್ಟ್ರಾಬೆರಿ ಹಣ್ಣಾಗುವುದು ಜೂನಿನಲ್ಲಿ. ಈಗಿನ್ನೂ ಫೆಬ್ರವರಿ. ಈ ಕಾರ್ಡು ಕೈಗೆ ಸಿಕ್ಕ ತಕ್ಷಣ ಕೋಟು ಹಾಕಿಕೊಂಡು ನಿಮ್ಮ ತಂಗಿಯ ಮನೆಗೆ ಹೊರಡಿ. ನಿಮ್ಮನ್ನು ಬೈಯುವುದು ಹಾಗೇ ಉಳಿದಿದೆ, ಆಮೇಲೆ ಬೈಯುತ್ತೇನೆ.

ಗ್ವೆ. ಪ್ರಾ.


ಬರ್ನ್ಲಿ
10 ಏಪ್ರಿಲ್ 1994

ಗ್ವೆನ್ ಅಮ್ಮಾ,

ಏಳು ವಾರ ಬರೆಯಲಿಲ್ಲ. ಬರೆಯುವಂಥದ್ದು ಕೈಯಲ್ಲಿ ಇರಲಿಲ್ಲ. ಈಗ ಇದೆ.

ಎಡ್ನಾಳ ಹಿತ್ತಲ ಶೆಡ್ಡಿನಲ್ಲಿ, ಹೂಕುಂಡಗಳ ನಡುವೆ, ಅಮ್ಮನ ಟಾಫಿ ಡಬ್ಬಿಯಲ್ಲಿ ರೀಲು ಇತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಮ್ಮನೆ ಅಲ್ಲ. ನಾನು ಸ್ಕಾಟ್ಲೆಂಡಿನವರೆಗೂ ಟೇಪು ಹುಡುಕಿಕೊಂಡು ಹೋದವನು. ಹೊರಗಿನ ಅರ್ಧಕ್ಕಿಂತ ಹೆಚ್ಚು ಹಕ್ಕಿಗಳ ಪಾಲಾಗಿತ್ತು. 1956 ಪೂರ್ತಿ ಹೋಗಿದೆ. ಉಳಿದದ್ದು ಒಳಸುರುಳಿ, ಐವತ್ತೇಳರ ಕೊನೆಯ ವಾರಗಳು. ಎಡ್ನಾ, ‘ಇಷ್ಟು ಬೇಕಾಗಿದ್ರೆ ಮೊದ್ಲೇ ಹೇಳ್ಬಾರ್ದಾ? ಮುಂದಿನ್ವರ್ಷ ಇದೂ ಇರ್ತಿರ್ಲಿಲ್ಲ’ ಎಂದು ನನಗೇ ಬೈದಳು.

ಮತ್ತೆ ಒದ್ದೆ ಬಟ್ಟೆ, ಬಿಸ್ಕತ್ತಿನ ಡಬ್ಬಿ, ಕಾಯುವುದು. ಅಂಟೆಲ್ಲ ಒಣಗಿ ಬಿಟ್ಟುಕೊಂಡಿತ್ತು. ತುಂಡು ತುಂಡಾಗಿ ಹೊಸದಾಗಿ ಜೋಡಿಸಿ ಮಾರ್ಚ್ ಕೊನೆಯಲ್ಲಿ ಯಂತ್ರಕ್ಕೆ ಹಾಕಿದೆ. ಅಕ್ಟೋಬರಿನ ಹಾಡುಗಳು ಬಂದವು. ಮೊದಲ ಸಲ ಅವರ ದನಿಯನ್ನು ಕೂತು ಕೇಳಿದೆ, ಅಮ್ಮಾ. ಎಂಥ ದನಿ! ಅದನ್ನು ಬಿಟ್ಟು ಚಹಾ ಕುಡಿದೆನಲ್ಲ ಎಂದು ನನ್ನ ಮೇಲೆ ನನಗೇ ನಾಚಿಕೆಯಾಯಿತು.

ನವೆಂಬರ್ 14ರ ತುಂಡು ಬಂದಾಗ ಬರೀ ಮೌನ. ನಾಲ್ಕೂಮುಕ್ಕಾಲು ನಿಮಿಷ ಏನೂ ಇಲ್ಲ. ಅಳಿಸಿಹೋಗಿದೆ ಎಂದುಕೊಂಡೆ. ನಿಮಗೆ ಏನೆಂದು ಬರೆಯುವುದು ಎಂದು ಎರಡು ದಿನ ಒದ್ದಾಡಿದೆ. ಮೂರನೆಯ ದಿನ ಹೊಳೆಯಿತು: ಆ ಭಾನುವಾರ ಗೊಣಗುತ್ತ ಅಂಟಿಸಿದ ಪೆದ್ದ, ತಲೆಯ ಕಡೆ ಬಾಲ ಇಟ್ಟು ಅಂಟಿಸಿದ್ದಾನೆ. ನನ್ನ ಯಂತ್ರ ಟೇಪಿನ ಅಗಲದ ಒಂದು ಅರ್ಧದಲ್ಲಷ್ಟೇ ದನಿ ಮುದ್ರಿಸುತ್ತಿತ್ತು; ಹಾಗೆ ತಿರುಗಿಸಿ ಅಂಟಿಸಿದರೆ ಯಂತ್ರಕ್ಕೆ ಖಾಲಿ ಅರ್ಧ ಮಾತ್ರ ಸಿಗುತ್ತದೆ. ಬಿಡಿಸಿ, ತಿರುಗಿಸಿ, ಮತ್ತೆ ಹಾಕಿದೆ.

ಇಡ್ವಲ್ ಅವರು ತಮ್ಮ ಊರ ಕಣಿವೆಯ ಮೇಲೆ ಗಂಭೀರವಾಗಿ ಹಾಡುತ್ತಿದ್ದಾರೆ. ಕೊನೆಯ ಚರಣದ ಹೊತ್ತಿಗೆ ಹಿಂದೆ ದಪ್ ಅನ್ನುವ ಸದ್ದು, ಕಾಗದಗಳು ಹರಡುವ ಸದ್ದು. ಬರ್ಟಿಯ ಕೈಯಿಂದ ಎರಡನೆಯ ಅರ್ಧದ ಮಾತುಗಳ ಹಾಳೆಗಳೆಲ್ಲ ಬಿದ್ದು ಚೆಲ್ಲಾಪಿಲ್ಲಿಯಾಗಿವೆ. ಪ್ರಸಾರ ನೇರ, ಹಾಳೆ ಸಿಗುವವರೆಗೆ ಕಾರ್ಯಕ್ರಮ ಮುಂದೆ ಹೋಗುವಂತಿಲ್ಲ. ವಾದ್ಯದವರು ಮುಗಿಸುತ್ತಾರೆ. ನಿಮ್ಮ ಯಜಮಾನರು ನಿಲ್ಲಿಸುವುದಿಲ್ಲ. ಅದೇ ರಾಗದಲ್ಲಿ, ಅದೇ ಶೋಕದಲ್ಲಿ ಮುಂದುವರಿಸುತ್ತಾರೆ:

‘ಏಳನೆಯ ಪುಟವು... ಹಸಿರು ಹ್ಯಾಟಿನಮ್ಮನ ಕುರ್ಚಿಯಡಿ...’

ಸಭೆ ಬೆಚ್ಚಿ ಸುಮ್ಮನಾಗುತ್ತದೆ, ಆಮೇಲೆ ಒಂದು ಮೂಲೆಯಿಂದ ನಗು ಶುರುವಾಗುತ್ತದೆ. ‘ಎಂಟನೆಯ ಪುಟವು... ತುತ್ತೂರಿಯೊಳಗೆ ಹಾರಿಹೋಯಿತು...’ ನಗು ಏರುತ್ತದೆ. ಅವರು ಮಾತ್ರ ಒಂಚೂರೂ ನಗುವುದಿಲ್ಲ. ಕಡೆಗೆ, ಗಾಜು ಒಡೆಯುವಷ್ಟು ಎತ್ತರದ ಸ್ವರದಲ್ಲಿ: ‘ಒಂಬತ್ತನೆಯ ಪುಟದ ಮೇಲೆ... ಬರ್ಟಿ... ನೀನೇ ಮೊಣಕಾಲೂರಿರುವೆ...’

ಅಲ್ಲಿಗೆ ನನ್ನ ಬ್ಲೇಡಿನ ಗುರುತು. ಅದಕ್ಕೆ ಉಳಿದರ್ಧವನ್ನು ಜೋಡಿಸಿದೆ: ‘ಹಾಡು ಮುಗಿದ್ಮೇಲೆ ದೀಪ ಆರಿಸಿ ಬಾಪ್ಪ.’ ನಲವತ್ತೊಂದು ಸೆಕೆಂಡು. ಯಾರ ಪ್ಯಾಂಟೂ ಜಾರಿರಲಿಲ್ಲ. ಮೂವತ್ತಾರು ವರ್ಷದಿಂದ ನಾವು ಬಾಲ ಹಿಡಿದುಕೊಂಡು ಆನೆಯ ಬಗ್ಗೆ ವಾದ ಮಾಡುತ್ತಿದ್ದೆವು.

ಇನ್ನೊಂದು. ಹಾಡಿನ ನಡುವೆ ಒಂದು ಹೆಂಗಸಿನ ದನಿ ಕೇಳುತ್ತದೆ, ಮೈಕಿನ ಪಕ್ಕದಲ್ಲೇ. ‘ಕ್ಲಿಫ್! ಲೋ ಕ್ಲಿಫ್! ಬಾರೋ ಬೇಗ, ಹಾಡೋನು ಏನೋ ತಮಾಷೆ ಮಾಡ್ತಿದಾನೆ!’ ದೂರದಿಂದ ನನ್ನ ದನಿ, ‘ನೀರು ಕುದೀತಿದೆ ಕಣಮ್ಮಾ!’ ಆಮೇಲೆ ಅಮ್ಮ ನಗುತ್ತಾಳೆ, ಒಬ್ಬಳೇ. ನಿಮ್ಮ ಯಜಮಾನರು ಎಳೆದು ಎಳೆದು ಹಾಡಿದ್ದರಿಂದ ಅವಳಿಗೆ ಒಂದೊಂದು ಪದವೂ ಕೇಳಿದೆ. ಅಷ್ಟು ವರ್ಷ ಆ ಕಾರ್ಯಕ್ರಮಕ್ಕೆ ಅವಳು ನಕ್ಕದ್ದು ಅದೊಂದೇ ಸಲ ಇರಬೇಕು. ನಾನು ಬಂದು ನೋಡಲಿಲ್ಲ.

ಕೆಮ್ಮು, ನಾಯಿ, ಬಾಗಿಲು ಎಲ್ಲ ತೆಗೆಯುವವನು ನಾನು. ಇದನ್ನು ತೆಗೆಯಲು ಕೈ ಬರುತ್ತಿಲ್ಲ. ಆದರೆ ಹಾಡು ನಿಮ್ಮವರದು. ಅಮ್ಮನ ದನಿ ಅಡ್ಡ ಬರುತ್ತದೆ ಎಂದರೆ ಹೇಳಿ, ತೆಗೆದು ಕಳಿಸುತ್ತೇನೆ. ಸದ್ಯಕ್ಕೆ ಇದ್ದ ಹಾಗೇ ಕಳಿಸಿದ್ದೇನೆ. ಪಟ್ಟಿಯ ಹೊಸ ಕಾರ್ಡೂ ಜೊತೆಗಿದೆ, ಒಮ್ಮೆ ನೋಡಿ.

ನಿಮ್ಮ,
ಕ್ಲಿಫ್

(ಕಾರ್ಡು: ಟಪ್ಪರ್ ವಠಾರ, 14 ನವೆಂಬರ್ 1957. ಪೂರ್ಣ. ಕತ್ತರಿಸಿದವನು: ಕ್ಲಿಫರ್ಡ್ ಹಿಂಡಲ್. ಉಳಿಸಿದವಳು: ಆಲಿಸ್ ಹಿಂಡಲ್, ನೇಕಾರಳು. ಹಾಸ್ಯ: ಬರ್ಟಿ ಡಂಕ್ಲಿ. ಹಾಡು: ರೋಲಂಡ್ ವೇಲ್.)


ಟೆನ್ಬಿ
19 ಏಪ್ರಿಲ್ 1994

ಪ್ರಿಯ ಕ್ಲಿಫ್,

ಕ್ಯಾಸೆಟ್ ಗುರುವಾರ ಬಂತು. ಅದೂ ಗುರುವಾರವೇ ಬರಬೇಕೇ! ತಕ್ಷಣ ಕೇಳಲಿಲ್ಲ. ನೆಲ ಒರೆಸಿದೆ, ಪಾತ್ರೆ ತೊಳೆದೆ, ಒಳ್ಳೆಯ ಉಡುಪು ಹಾಕಿಕೊಂಡೆ. ಆಮೇಲೆ ಅಡುಗೆಮನೆಯ ಮೇಜಿನ ಮುಂದೆ, ಇಡ್ವಲ್ ಕೂರುತ್ತಿದ್ದ ಕುರ್ಚಿಯ ಎದುರು ಕೂತು ಹಾಕಿದೆ.

ಅವರ ದನಿ ಬಂದಾಗ ನನಗೆ ಮೊದಲು ಅನ್ನಿಸಿದ್ದು, ಅಯ್ಯೋ, ಎಷ್ಟು ಚಿಕ್ಕ ವಯಸ್ಸು ಎಂದು. ಮೂವತ್ತೇಳು. ಈಗಿನ ನನ್ನ ಮಗನಿಗಿಂತ ಚಿಕ್ಕವರು.

ನಿಮ್ಮ ಅಮ್ಮನ ದನಿಯನ್ನು ಮುಟ್ಟಿದರೆ ಬರ್ನ್ಲಿಗೇ ಬಂದು ನಿಮ್ಮ ಕಿವಿ ಹಿಂಡುತ್ತೇನೆ. ಇಡೀ ಟೇಪಿನಲ್ಲಿ ನನ್ನ ಗಂಡ ಏನು ಮಾಡುತ್ತಿದ್ದಾರೆಂದು ಕೂಗಿ ಹೇಳುವವಳು ಅವಳೊಬ್ಬಳೇ. ಆ ಕೆಲಸ ನಾನು ಮಾಡಬೇಕಿತ್ತು. ಅವಳು ಮಾಡಿದಳು, ಆಮೇಲೆ ಆ ರೀಲನ್ನೂ ಇಟ್ಟುಕೊಂಡಳು. ಅವಳ ಸಮಾಧಿಗೆ ಹೋದಾಗ ನನ್ನ ಪರವಾಗಿ ಡ್ಯಾಫಡಿಲ್ ಹೂ ಇಡಿ.

ನೀವು ಕತ್ತರಿಸಿದಿರಿ, ನೀವೇ ಅಂಟಿಸಿದಿರಿ. ಇನ್ನು ನಿಮ್ಮ ಕೆಟಲು ಕುದಿಯಲಿ. ಎಲ್ಲರೂ ಬೇಡವೆಂದದ್ದನ್ನು ಹಕ್ಕಿಗಳ ಬಾಯಿಂದ ಬಿಡಿಸಿ ತಂದಿರಿ, ಎರಡು ತಿಂಗಳು ಒಂದು ತುಂಡಿನ ಮುಂದೆ ಕೂತಿರಿ. ನಿಮ್ಮ ಬೆರಳುಗಳಿಗೆ ನಾನು ಋಣಿ. ಬೈಯುವುದನ್ನು ಮಾಫಿ ಮಾಡಿದ್ದೇನೆ.

ಕಾರ್ಡನ್ನು ವಾಪಸು ಕಳಿಸಿದ್ದೇನೆ. ‘ಹಾಡು: ರೋಲಂಡ್ ವೇಲ್’ ಎಂಬುದನ್ನು ಹೊಡೆದುಹಾಕಿ, ಮೇಲಿನ ಸಾಲಿನಲ್ಲಿ ಬರ್ಟಿಯ ಪಕ್ಕಕ್ಕೆ ಬರೆದಿದ್ದೇನೆ. ‘ಹಾಸ್ಯ: ಇಡ್ವಲ್ ಪ್ರಾಥೆರೋ, ಬರ್ಟಿ ಡಂಕ್ಲಿ.’ ಹೆಸರುಗಳನ್ನು ಅದೇ ಕ್ರಮದಲ್ಲಿ ಇಡಿ.

ಒಂಬತ್ತನೆಯ ಪುಟದ ಹೊತ್ತಿಗೆ ಖಾಲಿ ಕುರ್ಚಿಗೆ ಹೇಳಿದೆ, ‘ನೀನು ಹೇಳಿದ್ದು ನಿಜ ಕಣೋ ಇಡ್ವಲ್. ನಂದೇ ತಪ್ಪು. ಏನ್ ಮಾಡ್ದೆ ಅಂತ ಒಂದ್ಮಾತು ಕೇಳ್ಬೇಕಿತ್ತು.’ ಆಮೇಲೆ ಬರ್ಟಿ ದೀಪ ಆರಿಸಲು ಹೇಳಿದ. ನಿಮ್ಮ ಅಮ್ಮ ಆಗಲೇ ನಕ್ಕಿದ್ದಳು, ಈಗ ಜನ ನಗಲು ಶುರು ಮಾಡಿದರು, ನಾನೂ ನಕ್ಕೆ. ಕಣ್ಣೀರು ಒರೆಸಿಕೊಳ್ಳುತ್ತ ಗೋಡೆಯ ಗಡಿಯಾರ ನೋಡುತ್ತಿದ್ದೆ. ನಿಮ್ಮ ಸಂಘದ ಲೆಕ್ಕ ಸರಿಯಾಗಿದೆ, ನಲವತ್ತೊಂದು ಸೆಕೆಂಡಿಗೆ ಅವರೆಲ್ಲ ನಿಲ್ಲಿಸಿದರು.

ನಾನು ನಿಲ್ಲಿಸಲಿಲ್ಲ.

ಗ್ವೆನ್